ಲಕ್ಕಿ ಗಿಡ

ಲಕ್ಕಿ ಎಂಬುದು ತುಳಸಿ ಮತ್ತು ದೊಡ್ಡಪತ್ರೆಗಳನ್ನು ಒಳಗೊಂಡ ಲೇಮಿಯೇಸೀ ಕುಟುಂಬಕ್ಕೆ ಸೇರಿದ, ಹಸ್ತಾಕಾರದ ಸಂಯುಕ್ತ ಎಲೆಗಳುಳ್ಳ, ಎಲೆಯನ್ನು ಹೊಸಕಿದಾಗ ಘಾಟಾದ ಪರಿಮಳ ಬೀರುವ, ನೀಲಿ ಛಾಯೆಯ ನೇರಳೆ ಹೂಗೊಂಚಲು ಬಿಡುವ ದೊಡ್ಡ ಪೊದೆಸಸ್ಯ. ಇದರ ಸಸ್ಯವೈಜ್ಞಾನಿಕ ಹೆಸರು ವೈಟೆಕ್ಸ್ ನೆಗುಂಡೊ. ಭಾರತದ ಬಹುಪಾಲು ಪ್ರದೇಶಗಳಲ್ಲಿ ಸ್ವಾಭಾವಿಕವಾಗಿ ಬೆಳೆಯುವ ಈ ಗಿಡವು ಕರ್ನಾಟಕದ ಹಳ್ಳದ ದಂಡೆ, ಹೊಲದ ಬದು ಮತ್ತು ಊರಂಚಿನ ಪಾಳುಭೂಮಿಗಳಲ್ಲಿ ಸಾಮಾನ್ಯವಾಗಿ ಕಾಣಸಿಗುತ್ತದೆ. ಬರವನ್ನು ತಾಳಿಕೊಳ್ಳುವ ಗುಣ, ಕಡಿದಷ್ಟೂ ಚಿಗುರುವ ಶಕ್ತಿ ಮತ್ತು ದನಕರುಗಳು ಬಾಯಿ ಹಾಕದ ಸೊಪ್ಪು ಈ ಮೂರೂ ಒಂದೇ ಗಿಡದಲ್ಲಿ ಕೂಡಿರುವುದರಿಂದ ಅದು ಹಿಂದಿನಿಂದಲೂ ಬೇಲಿಯ ಗಿಡವಾಗಿ ಬಳಕೆಯಲ್ಲಿದ್ದು, ಮನೆಮದ್ದಿನ ಸೊಪ್ಪನ್ನು ಒದಗಿಸುವ ಗಿಡವಾಗಿ ಹಿತ್ತಿಲುಗಳಲ್ಲಿಯೂ ಉಳಿದುಬಂದಿದೆ.

ಹೆಸರು ಮತ್ತು ವರ್ಗೀಕರಣ

ಕನ್ನಡದಲ್ಲಿ ಈ ಗಿಡಕ್ಕೆ ಲಕ್ಕಿ, ಲೆಕ್ಕಿ, ನೆಕ್ಕಿ, ಬಿಳಿಲಕ್ಕಿ, ಬಿಳಿನೆಕ್ಕಿ ಎಂಬ ಹೆಸರುಗಳಿವೆ. ಬಯಲುಸೀಮೆಯಲ್ಲಿ ಲಕ್ಕಿ ಎಂಬ ರೂಪವೂ ಕರಾವಳಿಯಲ್ಲಿ ನೆಕ್ಕಿ ಎಂಬ ರೂಪವೂ ಹೆಚ್ಚಾಗಿ ಕೇಳಿಬರುತ್ತವೆ. ತಮಿಳಿನ ನೊಚ್ಚಿ ಇದೇ ಗಿಡದ ಹೆಸರು. ತೆಲುಗಿನಲ್ಲಿ ಇದನ್ನು ವಾವಿಲಿ ಎಂದೂ ಮರಾಠಿಯಲ್ಲಿ ನಿರ್ಗುಡಿ ಎಂದೂ ಕರೆಯುತ್ತಾರೆ. ಸಂಸ್ಕೃತದಲ್ಲಿ ನಿರ್ಗುಂಡಿ, ಸಿಂಧುವಾರ, ಇಂದ್ರಾಣಿ ಮುಂತಾದ ಹೆಸರುಗಳಿದ್ದು, ಆಯುರ್ವೇದದ ಔಷಧಗಳ ಮೇಲೆ ಸಾಮಾನ್ಯವಾಗಿ ನಿರ್ಗುಂಡಿ ಎಂಬ ಹೆಸರೇ ಇರುತ್ತದೆ.

ಐರೋಪ್ಯ ಸಸ್ಯಶಾಸ್ತ್ರಕ್ಕೆ ಈ ಗಿಡದ ಪರಿಚಯವಾದುದರಲ್ಲಿ ಮಲಬಾರಿನ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಸಿದ್ಧಪಡಿಸಿದ, 1678ರಿಂದ 1693ರ ನಡುವೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಪ್ರಕಟವಾದ ಹೋರ್ಟಸ್ ಮಲಬಾರಿಕಸ್ ಗ್ರಂಥದ ಪಾತ್ರ ದೊಡ್ಡದು. ಅದರ ಎರಡನೆಯ ಸಂಪುಟದಲ್ಲಿ ಬಿಳಿ ನೊಚ್ಚಿ ಮತ್ತು ಕರಿ ನೊಚ್ಚಿ ಎಂಬ ಅರ್ಥದ ಮಲಯಾಳಂ ಹೆಸರುಗಳ ಡಚ್ ಉಚ್ಚಾರಣೆಯಡಿ ಎರಡು ಗಿಡಗಳ ಚಿತ್ರ ಮತ್ತು ವಿವರಣೆಗಳಿವೆ. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1753ರಲ್ಲಿ ಪ್ರಕಟಿಸಿದ ತನ್ನ ಪ್ರಭೇದಗಳ ಗ್ರಂಥದಲ್ಲಿ ಬಿಳಿ ನೊಚ್ಚಿಯನ್ನು ವೈಟೆಕ್ಸ್ ನೆಗುಂಡೊ ಎಂದು ಹೆಸರಿಸಿದನು. ಪ್ರಭೇದದ ಹೆಸರಾದ ನೆಗುಂಡೊ ಭಾರತದ ದೇಶೀ ಹೆಸರಿನಿಂದಲೇ ಬಂದುದು. ಉತ್ತರ ಅಮೆರಿಕದ ಒಂದು ಜಾತಿಯ ಮೇಪಲ್ ಮರದ ಎಲೆಯು ಲಕ್ಕಿಯ ಎಲೆಯನ್ನು ಹೋಲುವುದರಿಂದ ಅದಕ್ಕೂ ಏಸರ್ ನೆಗುಂಡೊ ಎಂಬ ಹೆಸರು ಬಿದ್ದಿದೆ; ಇವೆರಡಕ್ಕೂ ಬೇರೆ ಯಾವ ಸಂಬಂಧವೂ ಇಲ್ಲ.

ವೈಟೆಕ್ಸ್ ಜಾತಿಯಲ್ಲಿ ಇನ್ನೂರಕ್ಕೂ ಹೆಚ್ಚು ಪ್ರಭೇದಗಳಿದ್ದು, ಅವುಗಳಲ್ಲಿ ಹೆಚ್ಚಿನವು ಉಷ್ಣವಲಯದ ಪೊದೆಗಳು ಮತ್ತು ಮರಗಳು. ಹಿಂದೆ ಈ ಜಾತಿಯನ್ನು ತೇಗದೊಂದಿಗೆ ವರ್ಬಿನೇಸೀ ಕುಟುಂಬದಲ್ಲಿ ಸೇರಿಸಲಾಗಿತ್ತು; ಹೂವಿನ ರಚನೆ ಹಾಗೂ ಅನುವಂಶಿಕ ಸಂಬಂಧಗಳ ಮರುಪರಿಶೀಲನೆಯ ಬಳಿಕ, 1990ರ ದಶಕದಿಂದೀಚೆಗೆ, ಎರಡನ್ನೂ ಲೇಮಿಯೇಸೀ ಕುಟುಂಬಕ್ಕೆ ವರ್ಗಾಯಿಸಲಾಗಿದೆ. ಹಳೆಯ ಸಸ್ಯಸೂಚಿಗಳಲ್ಲಿಯೂ ಅನೇಕ ಆಯುರ್ವೇದ ಪಠ್ಯಗಳಲ್ಲಿಯೂ ವರ್ಬಿನೇಸೀ ಎಂಬ ಹೆಸರೇ ಮುಂದುವರಿದಿದೆ.

ಮೂಲ ಮತ್ತು ಹರಡುವಿಕೆ

ಲಕ್ಕಿಯ ಸ್ವಾಭಾವಿಕ ನೆಲೆ ಪೂರ್ವ ಆಫ್ರಿಕದಿಂದ ಭಾರತ, ಶ್ರೀಲಂಕಾ ಮತ್ತು ಆಗ್ನೇಯ ಏಷ್ಯಗಳ ಮೂಲಕ ಚೀನಾ, ಜಪಾನ್ ಹಾಗೂ ಫಿಲಿಪೀನ್ಸ್‌ವರೆಗೆ ಹಬ್ಬಿದೆ. ಭಾರತದಲ್ಲಿ ಸಮುದ್ರಮಟ್ಟದಿಂದ ಸುಮಾರು 1500 ಮೀಟರ್ ಎತ್ತರದವರೆಗೆ, ಹಿಮಾಲಯದ ಹೊರಮಗ್ಗುಲಿನ ಕಣಿವೆಗಳನ್ನೂ ಒಳಗೊಂಡಂತೆ, ಇದು ಬೆಳೆಯುತ್ತದೆ. ದಟ್ಟ ನೆರಳಿನ ನಿತ್ಯಹರಿದ್ವರ್ಣ ಕಾಡು ಇದಕ್ಕೆ ಒಗ್ಗದು. ಬಿಸಿಲು ಬೀಳುವ ತೆರೆದ ನೆಲ, ಅದರಲ್ಲಿಯೂ ಮಳೆಗಾಲದಲ್ಲಿ ನೀರು ಹರಿದು ಬೇಸಿಗೆಯಲ್ಲಿ ಒಣಗುವ ಹಳ್ಳಗಳ ಮರಳು ದಂಡೆ ಇದರ ಮುಖ್ಯ ತಾಣ. ಪ್ರವಾಹಕ್ಕೆ ಬಾಗಿ, ನೀರಿಳಿದ ಮೇಲೆ ಮತ್ತೆ ನೆಟ್ಟಗಾಗುವ ಬಳುಕುವ ರೆಂಬೆಗಳೂ ದಂಡೆಯ ಮಣ್ಣನ್ನು ಬಿಗಿದು ಹಿಡಿಯುವ ಬೇರುಗಳೂ ಇಂತಹ ತಾಣಕ್ಕೆ ಹೊಂದಿಕೊಂಡ ಲಕ್ಷಣಗಳಾಗಿವೆ. ಕೈತೋಟದಲ್ಲಿ ಈ ಗಿಡವನ್ನು ಬೆಳೆಸುವಾಗ ಪಾಲಿಸಬೇಕಾದ ನಿಯಮಗಳಲ್ಲಿ ಬಹುಪಾಲು ಈ ಮೂಲ ನೆಲೆಯಿಂದಲೇ ತಿಳಿದುಬರುತ್ತವೆ.

ರಚನೆ

ಗಿಡವು ಸಾಮಾನ್ಯವಾಗಿ 2ರಿಂದ 5 ಮೀಟರ್ ಎತ್ತರಕ್ಕೆ ಬೆಳೆದು ಬುಡದಿಂದಲೇ ಹಲವು ಕಾಂಡಗಳಾಗಿ ಒಡೆಯುತ್ತದೆ. ಕಡಿಯದೆ ಬಿಟ್ಟರೆ ಸಣ್ಣ ಮರವಾಗುವುದೂ ಉಂಟು. ತೊಗಟೆ ತೆಳು, ಬೂದು ಮಿಶ್ರಿತ ಕಂದು. ಎಳೆಯ ರೆಂಬೆಗಳನ್ನು ಅಡ್ಡಲಾಗಿ ಕತ್ತರಿಸಿದರೆ ನಾಲ್ಕು ಮೂಲೆಗಳು ಕಾಣುತ್ತವೆ. ಇದು ತುಳಸಿ ಕುಟುಂಬದ ಸಾಮಾನ್ಯ ಲಕ್ಷಣ. ರೆಂಬೆಗಳ ಮೇಲೆ ನವಿರಾದ ಬಿಳಿಯ ರೋಮಗಳ ಹೊದಿಕೆಯಿರುತ್ತದೆ.

ಎಲೆಗಳು ಅಭಿಮುಖವಾಗಿ, ಅಂದರೆ ಪ್ರತಿ ಗೆಣ್ಣಿನಲ್ಲಿ ಎದುರುಬದುರಾಗಿ, ಜೋಡಿಸಿಕೊಂಡಿರುತ್ತವೆ. ಪ್ರತಿ ಎಲೆಯಲ್ಲಿ ಒಂದೇ ಬಿಂದುವಿನಿಂದ ಹರಡಿದ ಐದು, ಕೆಲವೊಮ್ಮೆ ಮೂರು, ಕಿರುಪತ್ರಗಳಿರುತ್ತವೆ. ಕಿರುಪತ್ರ ಭರ್ಜಿಯಾಕಾರದ್ದು, ತುದಿ ನೀಳವಾಗಿ ಚೂಪು. ನಡುವಿನ ಕಿರುಪತ್ರ ಎಲ್ಲಕ್ಕಿಂತ ದೊಡ್ಡದಾಗಿದ್ದು ಸುಮಾರು 4ರಿಂದ 10 ಸೆಂಟಿಮೀಟರ್ ಉದ್ದವಿರುತ್ತದೆ ಮತ್ತು ಅದಕ್ಕೆ ಸ್ಪಷ್ಟವಾದ ಕಿರುತೊಟ್ಟು ಇರುತ್ತದೆ. ಹೊರಬದಿಯ ಎರಡು ಕಿರುಪತ್ರಗಳು ಚಿಕ್ಕವು, ಹೆಚ್ಚುಕಡಿಮೆ ತೊಟ್ಟಿಲ್ಲದವು. ಎಲೆಯ ಮೇಲ್ಭಾಗ ಹಸಿರು, ಅಡಿಭಾಗ ನವಿರಾದ ರೋಮಗಳಿಂದಾಗಿ ಬೂದುಬಿಳಿ. ಗಾಳಿ ಬೀಸಿದಾಗ ಪೊದೆಗೆ ಪೊದೆಯೇ ಬೆಳ್ಳಗೆ ಮಿನುಗಿದಂತೆ ಕಾಣುವುದು ಈ ಅಡಿಭಾಗದಿಂದಾಗಿ. ದೂರದಿಂದ ಗಿಡವನ್ನು ಗುರುತಿಸಲು ಇದೊಂದು ಒಳ್ಳೆಯ ಕುರುಹು.

ಹೂಗಳು ರೆಂಬೆಯ ತುದಿಯಲ್ಲಿ 10ರಿಂದ 25 ಸೆಂಟಿಮೀಟರ್ ಉದ್ದದ ಕವಲೊಡೆದ ಗೊಂಚಲುಗಳಲ್ಲಿ ಮೂಡುತ್ತವೆ. ಒಂದೊಂದು ಹೂವೂ ಒಂದು ಸೆಂಟಿಮೀಟರಿಗಿಂತ ಚಿಕ್ಕದು. ದಳಗಳು ಬುಡದಲ್ಲಿ ಕೊಳವೆಯಾಗಿ ಕೂಡಿಕೊಂಡು ತುದಿಯಲ್ಲಿ ಎರಡು ತುಟಿಗಳಾಗಿ ಒಡೆದಿರುತ್ತವೆ. ಕೆಳತುಟಿಯ ನಡುವಿನ ಹಾಲೆ ದೊಡ್ಡದಾಗಿ ಮುಂಚಾಚಿದ್ದು ಜೇನುಹುಳುಗಳಿಗೆ ಇಳಿದು ಕೂರುವ ಜಗಲಿಯಾಗುತ್ತದೆ. ಕೇಸರಗಳು ನಾಲ್ಕು. ಹಣ್ಣು ಅಷ್ಟಿಫಲ, ಎಂದರೆ ಒಳಗೆ ಗಟ್ಟಿಯಾದ ಓಟೆಯುಳ್ಳ ಹಣ್ಣು. ಮೆಣಸಿನ ಕಾಳಿನಷ್ಟಿರುವ ಇದು ಮಾಗಿದಾಗ ಕಪ್ಪಾಗುತ್ತದೆ ಮತ್ತು ಅದರ ಬುಡದಲ್ಲಿ ಪುಷ್ಪಪಾತ್ರೆ ಬಟ್ಟಲಿನಂತೆ ಉಳಿದಿರುತ್ತದೆ. ತೇವವಿರುವ ಕಡೆ ಗಿಡ ವರ್ಷದ ಹೆಚ್ಚಿನ ತಿಂಗಳುಗಳಲ್ಲಿ ಹೂ ಬಿಡುತ್ತದೆಯಾದರೂ ಮಳೆ ಬಿದ್ದ ಬಳಿಕ ಹೊಸ ಚಿಗುರಿನೊಂದಿಗೆ ಬರುವ ಹೂವೇ ಸಮೃದ್ಧವಾದುದು.

ಪರಿಮಳದ ಮೂಲ

ಎಲೆಯ ಪರಿಮಳಕ್ಕೆ ಕಾರಣವಾದುದು ಅದರ ಮೇಲ್ಮೈಯ ಸೂಕ್ಷ್ಮ ಗ್ರಂಥಿಗಳಲ್ಲಿ ಸಂಗ್ರಹವಾಗುವ ಬಾಷ್ಪಶೀಲ ತೈಲ, ಅಂದರೆ ಗಾಳಿಗೆ ಬೇಗನೆ ಆವಿಯಾಗುವ ಎಣ್ಣೆ. ಇದರಲ್ಲಿ ಕ್ಯಾರಿಯೋಫಿಲೀನ್, ಸ್ಯಾಬಿನೀನ್, ಸಿನಿಯೋಲ್, ವಿರಿಡಿಫ್ಲೋರಾಲ್ ಮೊದಲಾದ ಟರ್ಪೀನ್ ವರ್ಗದ ಸಂಯುಕ್ತಗಳಿದ್ದು, ಅವುಗಳ ಪ್ರಮಾಣ ಪ್ರದೇಶ, ಋತು ಮತ್ತು ಎಲೆಯ ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ. ನೀಲಗಿರಿ ಎಣ್ಣೆಯ ಮುಖ್ಯ ಘಟಕವೂ ಸಿನಿಯೋಲೇ ಆದುದರಿಂದ ಎರಡರ ಹಬೆಯಲ್ಲಿ ಒಂದಿಷ್ಟು ಸಾಮ್ಯ ಕಂಡುಬರುತ್ತದೆ. ಆವಿಯಾಗದ ಘಟಕಗಳಲ್ಲಿ ಕ್ಯಾಸ್ಟಿಸಿನ್ ಎಂಬ ಫ್ಲೇವನಾಯ್ಡ್ ಹಾಗೂ ಅಗ್ನುಸೈಡ್, ನೆಗುಂಡೋಸೈಡ್ ಎಂಬ ಇರಿಡಾಯ್ಡ್ ಗ್ಲೈಕೋಸೈಡುಗಳು ಮುಖ್ಯವಾದವು; ಔಷಧ ಸಂಶೋಧನೆಯ ಗಮನ ಹೆಚ್ಚಾಗಿ ಇವುಗಳ ಮೇಲಿದೆ.

ಬಗೆಗಳು ಮತ್ತು ಹೋಲುವ ಗಿಡಗಳು

ಹಲ್ಲಿಲ್ಲದ ನಯವಾದ ಅಂಚಿನ ಕಿರುಪತ್ರಗಳುಳ್ಳ ಗಿಡವೇ ದಕ್ಷಿಣ ಭಾರತದ ಸಾಮಾನ್ಯ ಬಗೆ. ಅಂಚು ಹಲ್ಲುಹಲ್ಲಾಗಿರುವ ಕ್ಯಾನಬಿಫೋಲಿಯ ಮತ್ತು ಅಂಚು ಆಳವಾಗಿ ಸೀಳಿರುವ ಹೆಟೆರೋಫಿಲ್ಲ ಎಂಬ ಉಪಬಗೆಗಳು ಚೀನಾ ಮತ್ತು ಅದರ ನೆರೆನಾಡುಗಳಲ್ಲಿ ಬೆಳೆಯುತ್ತವೆ. ಎಲೆಯ ಅಡಿಭಾಗ ನೇರಳೆಯಾಗಿರುವ ಒಂದು ಬಗೆಯನ್ನು ಕೇರಳದಲ್ಲಿ ಕರಿನೊಚ್ಚಿ ಎಂದು ಬೇರೆಯಾಗಿ ಗುರುತಿಸಿ ಔಷಧಕ್ಕೆ ಅದನ್ನೇ ಆರಿಸಿಕೊಳ್ಳುವ ರೂಢಿಯಿದೆ. ಆಯುರ್ವೇದದ ನಿಘಂಟುಗಳು ಹೂವಿನ ಬಣ್ಣವನ್ನು ಆಧರಿಸಿ ಬಿಳಿ ಹೂವಿನದು ಸಿಂಧುವಾರ, ನೀಲಿ ಹೂವಿನದು ನಿರ್ಗುಂಡಿ ಎಂದು ಎರಡು ಬಗೆ ಮಾಡುತ್ತವೆ.

ಕೈತೋಟಕ್ಕೆ ಲಕ್ಕಿಯನ್ನು ತರುವವರಿಗೆ ಎದುರಾಗುವ ಮೊದಲ ತೊಡಕು ಬೇಸಾಯದ್ದಲ್ಲ, ಗುರುತಿನದು. ಲಕ್ಕಿ, ನೆಕ್ಕಿ ಅಥವಾ ನಿರ್ಗುಂಡಿ ಎಂಬ ಹೆಸರಿನಲ್ಲಿ ಕನಿಷ್ಠ ಮೂರು ಬೇರೆ ಬೇರೆ ಗಿಡಗಳು ಕೈಬದಲಾಗುತ್ತವೆ. ಮೊದಲನೆಯದು ಈ ಲೇಖನದ ವಿಷಯವಾದ ಬಿಳಿಲಕ್ಕಿ. ಎರಡನೆಯದು ನೀರುಲಕ್ಕಿ ಎಂದು ಕರೆಯುವ ವೈಟೆಕ್ಸ್ ಟ್ರೈಫೋಲಿಯ. ಇದರ ಎಲೆಯಲ್ಲಿ ಒಂದರಿಂದ ಮೂರು ಕಿರುಪತ್ರಗಳಿದ್ದು ಅವು ಅಗಲವಾಗಿಯೂ ಮೊಂಡಾಗಿಯೂ ಇರುತ್ತವೆ, ಯಾವ ಕಿರುಪತ್ರಕ್ಕೂ ಸ್ಪಷ್ಟವಾದ ತೊಟ್ಟಿರುವುದಿಲ್ಲ. ಉಪ್ಪುಗಾಳಿಯನ್ನು ಸಹಿಸುವ ಈ ಗಿಡ ಕಡಲತೀರದಲ್ಲಿ ಸಹಜವಾಗಿ ಬೆಳೆಯುತ್ತದೆ. ಎಲೆಯ ಅಡಿಭಾಗ ಗಾಢ ನೇರಳೆಯಾಗಿರುವ ಇದರ ಒಂದು ತಳಿಯನ್ನು ನರ್ಸರಿಗಳು ಅಲಂಕಾರದ ಬೇಲಿಗಾಗಿ ಮಾರುತ್ತವೆ. ಮೂರನೆಯದು ಕರಿನೆಕ್ಕಿ ಅಥವಾ ಕರಿಲಕ್ಕಿ ಎನ್ನುವ ಜಸ್ಟಿಸಿಯ ಜೆಂಡರುಸ. ಇದು ಆಡುಸೋಗೆಯ ಕುಟುಂಬವಾದ ಅಕಾಂಥೇಸೀಗೆ ಸೇರಿದ್ದು. ಎಲೆ ಸರಳ, ಅಂದರೆ ಕಿರುಪತ್ರಗಳಾಗಿ ಒಡೆಯದ್ದು. ಕಾಂಡ ಕಪ್ಪು ನೇರಳೆ ಬಣ್ಣದ್ದು, ಗೆಣ್ಣುಗಳು ಉಬ್ಬಿದವು. ಎತ್ತರ ಒಂದು ಮೀಟರಿನ ಆಸುಪಾಸು. ಇದೂ ನೋವಿನ ಮನೆಮದ್ದುಗಳಲ್ಲಿ ಬಳಕೆಯಾಗುವುದರಿಂದ ಗೊಂದಲ ಇಮ್ಮಡಿಯಾಗಿದೆ. ಕಿರುಪತ್ರಗಳನ್ನು ಎಣಿಸಿ, ನಡುವಿನ ಕಿರುಪತ್ರದ ತೊಟ್ಟನ್ನು ನೋಡಿ, ಅಡಿಭಾಗದ ಬೂದುಬಿಳಿಯನ್ನು ಪರೀಕ್ಷಿಸಿದರೆ ಮೂರನ್ನೂ ನಿಸ್ಸಂದೇಹವಾಗಿ ಬೇರ್ಪಡಿಸಬಹುದು.

ವೈಟೆಕ್ಸ್ ಜಾತಿಯವೇ ಆದ ಮರಗಳಾದ ನವಿಲಾದಿ ಮತ್ತು ಹೊಳೆನೆಕ್ಕಿ ಪಶ್ಚಿಮಘಟ್ಟದ ಕಾಡುಗಳಲ್ಲಿಯೂ ಹೊಳೆದಂಡೆಗಳಲ್ಲಿಯೂ ಬೆಳೆಯುತ್ತವೆ. ಅವು ಕೈತೋಟದ ಅಳತೆಗೆ ಹೊಂದುವಂಥವಲ್ಲ. ಲಕ್ಕಿಯ ಎಲೆಯನ್ನು ಗಾಂಜಾ ಗಿಡದ ಎಲೆಯೆಂದು ತಪ್ಪಾಗಿ ತಿಳಿಯುವುದೂ ಆಗಾಗ ಸಂಭವಿಸುತ್ತದೆ. ಗಾಂಜಾದ ಎಲೆಯಂಚು ಗರಗಸದಂತೆ ಹಲ್ಲುಳ್ಳದ್ದು ಮತ್ತು ಅದು ಮರದಂತೆ ಗಟ್ಟಿಯಾದ ಕಾಂಡವಿಲ್ಲದ ವಾರ್ಷಿಕ ಗಿಡ ಎಂಬುದನ್ನು ಗಮನಿಸಿದರೆ ಈ ಸಂಶಯ ಉಳಿಯದು.

ಕೈತೋಟದಲ್ಲಿ ಬೆಳೆಸುವ ಕ್ರಮ

ಲಕ್ಕಿಗೆ ದಿನಕ್ಕೆ ಕನಿಷ್ಠ ಐದಾರು ಗಂಟೆಗಳ ನೇರ ಬಿಸಿಲು ಬೇಕು. ನೆರಳಿನಲ್ಲಿ ಗಿಡ ಸಾಯುವುದಿಲ್ಲವಾದರೂ ರೆಂಬೆಗಳು ಸೊರಗಿ ಉದ್ದುದ್ದ ಬೆಳೆಯುತ್ತವೆ, ಹೂ ವಿರಳವಾಗುತ್ತದೆ, ಎಲೆಯ ಘಾಟೂ ಕುಗ್ಗುತ್ತದೆ. ಮಣ್ಣಿನ ವಿಷಯದಲ್ಲಿ ಇದು ಹಠ ಮಾಡುವ ಗಿಡವಲ್ಲ. ಕೆಂಪುಗೋಡು, ಮರಳುಗೋಡು, ಕರಾವಳಿಯ ಜಂಬಿಟ್ಟಿಗೆ ಮಣ್ಣು, ಕಲ್ಲುಮಿಶ್ರಿತ ನೆಲ ಎಲ್ಲದರಲ್ಲಿಯೂ ಬರುತ್ತದೆ. ಎರೆಮಣ್ಣಿನಲ್ಲಿ ಮಾತ್ರ ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಲ್ಲದಂತೆ ಪಾತಿಯನ್ನು ಸುತ್ತಲಿನ ನೆಲಕ್ಕಿಂತ ಎತ್ತರಿಸಬೇಕು. ಹರಿಯುವ ನೀರಿನ ಪಕ್ಕದಲ್ಲಿ ಸೊಂಪಾಗಿ ಬೆಳೆಯುವ ಈ ಗಿಡಕ್ಕೆ ತಿಂಗಳುಗಟ್ಟಲೆ ನಿಂತ ನೀರು ಹಿತವಲ್ಲ. ಪೊದೆಯು ಅಗಲವಾಗಿ ಹರಡುವುದರಿಂದ ಗೋಡೆ ಮತ್ತು ಚರಂಡಿಗಳಿಂದ ಒಂದು ಮೀಟರಾದರೂ ದೂರ ಬಿಡುವುದು ಒಳ್ಳೆಯದು. ಎಲ್ಲರಿಗೂ ಇದರ ಘಾಟು ಹಿಡಿಸದಿರುವುದರಿಂದ ಮಲಗುವ ಕೋಣೆಯ ಕಿಟಕಿಗೆ ತೀರ ಹತ್ತಿರ ನೆಡದಿರುವುದೂ ವಿವೇಕದ ಮಾತೇ.

ಸಸ್ಯಾಭಿವೃದ್ಧಿಗೆ ಕಡ್ಡಿ ನಾಟಿಯೇ ಸುಲಭ ಮತ್ತು ಖಚಿತವಾದ ಮಾರ್ಗ. ಎಳೆಯ ಹಸಿರು ರೆಂಬೆಯನ್ನೂ ಬುಡದ ದಪ್ಪ ಕಾಂಡವನ್ನೂ ಬಿಟ್ಟು, ಹಿಂದಿನ ವರ್ಷ ಬೆಳೆದು ಬಲಿತ, ಪೆನ್ಸಿಲಿನಷ್ಟು ದಪ್ಪದ ರೆಂಬೆಯನ್ನು ಆರಿಸಿ 15ರಿಂದ 20 ಸೆಂಟಿಮೀಟರ್ ಉದ್ದದ, ಮೂರು ನಾಲ್ಕು ಗೆಣ್ಣುಗಳಿರುವ ತುಂಡುಗಳಾಗಿ ಕತ್ತರಿಸಲಾಗುತ್ತದೆ. ಕೆಳತುದಿಯನ್ನು ಗೆಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿಯೂ ಮೇಲ್ತುದಿಯನ್ನು ನೇರವಾಗಿಯೂ ಕತ್ತರಿಸುವ ರೂಢಿಯಿಂದ ತುಂಡು ತಲೆಕೆಳಗಾಗಿ ನಾಟಿಯಾಗುವುದು ತಪ್ಪುತ್ತದೆ, ಓರೆ ತುದಿ ಮಣ್ಣಿಗೆ ಸಲೀಸಾಗಿ ಇಳಿಯುತ್ತದೆ. ಎಲೆಗಳನ್ನೆಲ್ಲ ತೆಗೆದು, ಎರಡು ಗೆಣ್ಣು ಮಣ್ಣಿನೊಳಗಿರುವಂತೆ ಊರಿ, ಸುತ್ತ ಮಣ್ಣನ್ನು ಬಿಗಿಯಾಗಿ ಒತ್ತಬೇಕು; ಸಡಿಲ ಮಣ್ಣಿನಲ್ಲಿ ಕಡ್ಡಿಯ ತುದಿಗೆ ಗಾಳಿ ತಾಗಿ ಅದು ಒಣಗುತ್ತದೆ. ಮುಂಗಾರು ಹಿಡಿದುಕೊಂಡ ಜೂನ್ ಮತ್ತು ಜುಲೈ ತಿಂಗಳುಗಳು ಇದಕ್ಕೆ ತಕ್ಕ ಕಾಲ. ಬೇಲಿಗಾದರೆ ಕಡ್ಡಿಗಳನ್ನು ನೇರವಾಗಿ ನೆಲಕ್ಕೇ ಊರುವುದು ವಾಡಿಕೆ; ಮನೆಗೆ ಒಂದೆರಡು ಗಿಡ ಸಾಕಾದಲ್ಲಿ ಮರಳು, ಕೆಮ್ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ಬೆರೆಸಿದ ಚೀಲಗಳಲ್ಲಿ ಬೆಳೆಸಿ, ಬೇರು ತುಂಬಿದ ಮೇಲೆ ಬದಲಿಸಬಹುದು. ಕಡ್ಡಿ ಚಿಗುರಿದ ಕೂಡಲೇ ಅದು ಬೇರು ಬಿಟ್ಟಿದೆಯೆಂದು ತಿಳಿಯಬಾರದು; ಕಾಂಡದಲ್ಲಿ ಸಂಗ್ರಹವಾಗಿರುವ ಆಹಾರದಿಂದಲೇ ಮೊದಲ ಚಿಗುರು ಬರುತ್ತದೆ, ಬೇರು ನಿಲ್ಲಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಬುಡದ ಸುತ್ತ ಎದ್ದ ಮರಿಗಿಡಗಳನ್ನು ಬೇರುಸಹಿತ ಬೇರ್ಪಡಿಸಿ ನೆಡುವುದೂ ಸಾಧ್ಯ. ಬೀಜದಿಂದ ಬೆಳೆಸುವ ಕ್ರಮ ಅಷ್ಟಾಗಿ ರೂಢಿಯಲ್ಲಿಲ್ಲ. ಓಟೆ ಗಟ್ಟಿಯಾಗಿರುವುದರಿಂದ ಮೊಳಕೆ ನಿಧಾನ ಮತ್ತು ಅನಿಶ್ಚಿತ.

ಒಂಟಿ ಗಿಡಕ್ಕೆ 45 ಸೆಂಟಿಮೀಟರ್ ಉದ್ದ, ಅಗಲ, ಆಳದ ಗುಂಡಿ ತೆಗೆದು, ಮೇಲ್ಮಣ್ಣಿನೊಂದಿಗೆ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿ ತುಂಬುವುದು ಸಾಕು. ಗಿಡದಿಂದ ಗಿಡಕ್ಕೆ ಒಂದೂವರೆಯಿಂದ ಎರಡು ಮೀಟರ್ ಅಂತರವಿರಬೇಕು. ದಟ್ಟ ಬೇಲಿಯಾಗಬೇಕಾದರೆ 45ರಿಂದ 60 ಸೆಂಟಿಮೀಟರ್ ಅಂತರದಲ್ಲಿ, ಸಾಧ್ಯವಾದರೆ ಒಂದರ ಎಡೆಗೆ ಇನ್ನೊಂದು ಬರುವಂತೆ ಎರಡು ಸಾಲು ನೆಡಬಹುದು. ಮೊದಲ ಬೇಸಿಗೆಯಲ್ಲಿ ವಾರಕ್ಕೆ ಒಂದೆರಡು ಬಾರಿ ನೀರು ಕೊಟ್ಟು, ಬುಡಕ್ಕೆ ತರಗೆಲೆಯ ಹೊದಿಕೆ ಹಾಕಿದರೆ ಗಿಡ ಬೇರೂರುತ್ತದೆ. ಎರಡನೆಯ ವರ್ಷದಿಂದ ಮಳೆಯ ನೀರೇ ಬಹುಮಟ್ಟಿಗೆ ಸಾಲುತ್ತದೆ. ಸೊಪ್ಪನ್ನು ಸತತವಾಗಿ ಕೊಯ್ಯುವುದಾದರೆ ಮಾತ್ರ ಬೇಸಿಗೆಯಲ್ಲಿ ನೀರುಣಿಸಬೇಕು. ವರ್ಷಕ್ಕೊಮ್ಮೆ ಮಳೆಗಾಲದ ಮೊದಲು ಒಂದು ಬುಟ್ಟಿ ಗೊಬ್ಬರಕ್ಕಿಂತ ಹೆಚ್ಚಿನ ಪೋಷಣೆ ಇದಕ್ಕೆ ಬೇಡ, ಸಾರಜನಕದ ರಸಗೊಬ್ಬರವಂತೂ ಬೇಡವೇ ಬೇಡ. ಅತಿಯಾದ ಗೊಬ್ಬರದಿಂದ ಎಲೆ ಮೆತ್ತಗಾಗಿ ಹಿಟ್ಟು ತಿಗಣೆ ಮುತ್ತುತ್ತದೆ.

ಲಕ್ಕಿಯ ಆರೈಕೆಯಲ್ಲಿ ಮುಖ್ಯವಾದುದು ಸವರುವಿಕೆ. ಹೊಸ ಚಿಗುರಿನ ತುದಿಯಲ್ಲಿ ಮಾತ್ರ ಹೂ ಬರುವುದರಿಂದ, ಸವರದೆ ಬಿಟ್ಟ ಗಿಡದಲ್ಲಿ ಎಲೆ ಮತ್ತು ಹೂಗಳೆರಡೂ ಕೈಗೆಟುಕದ ಎತ್ತರಕ್ಕೆ ಏರಿ ಬುಡ ಬೋಳಾಗುತ್ತದೆ. ಫೆಬ್ರುವರಿ ಅಥವಾ ಮಾರ್ಚ್ ತಿಂಗಳಲ್ಲಿ, ಇಲ್ಲವೇ ಮೊದಲ ಮಳೆ ಬೀಳುವುದಕ್ಕೆ ಮುಂಚೆ, ಎಲ್ಲ ಕಾಂಡಗಳನ್ನೂ ನೆಲದಿಂದ 30ರಿಂದ 45 ಸೆಂಟಿಮೀಟರ್ ಎತ್ತರಕ್ಕೆ ಕಡಿದರೆ ಬುಡದಿಂದ ಹತ್ತಾರು ಹೊಸ ಚಿಗುರುಗಳು ಏಳುತ್ತವೆ. ಅವು ಮೊಣಕಾಲುದ್ದ ಬಂದಾಗ ತುದಿಯನ್ನು ಚಿವುಟಿದರೆ ಪಕ್ಕದ ಕವಲುಗಳೊಡೆದು ಪೊದೆ ದುಂಡಗಾಗುತ್ತದೆ. ಬೇಲಿಯನ್ನು ವರ್ಷಕ್ಕೆ ಎರಡು ಮೂರು ಸಲ ಕತ್ತರಿಸಬೇಕಾಗುತ್ತದೆ. ಹಾಗೆ ಕತ್ತರಿಸಿದ ಬೇಲಿಯಲ್ಲಿ ಹೂ ಕಡಿಮೆ. ಹೂವೂ ಬೇಕು ಬೇಲಿಯೂ ಬೇಕು ಎನ್ನುವ ಕಡೆ ಹೊರಮಗ್ಗುಲನ್ನು ಮಾತ್ರ ಸವರಿ ಮೇಲ್ಭಾಗವನ್ನು ಬಿಡುವುದುಂಟು.

ತಾರಸಿಯಲ್ಲಿ ಬೆಳೆಸುವವರು ಕನಿಷ್ಠ 40 ಸೆಂಟಿಮೀಟರ್ ಅಗಲ ಮತ್ತು ಅಷ್ಟೇ ಆಳದ ಕುಂಡವನ್ನು ಬಳಸಬೇಕು. ಕುಂಡದಲ್ಲಿ ಗಿಡವನ್ನು ಒಂದೂವರೆ ಮೀಟರಿಗಿಂತ ಮೇಲೇರಲು ಬಿಡದೆ, ಎರಡು ವರ್ಷಕ್ಕೊಮ್ಮೆ ಹೊರತೆಗೆದು ಸುತ್ತಿಕೊಂಡ ಬೇರುಗಳನ್ನು ಕತ್ತರಿಸಿ ಹೊಸ ಮಣ್ಣಿನಲ್ಲಿ ಕೂರಿಸಬೇಕಾಗುತ್ತದೆ. ನೆಲದಲ್ಲಿ ಬರವನ್ನು ಸಹಿಸುವ ಗಿಡವೇ ಆದರೂ ಕುಂಡದಲ್ಲಿ ಅದರ ಬೇರಿಗೆ ಆಳಕ್ಕಿಳಿಯಲು ಅವಕಾಶವಿಲ್ಲದ ಕಾರಣ ಬೇಸಿಗೆಯಲ್ಲಿ ದಿನವೂ ನೀರು ಬೇಕು.

ಕೀಟ ಮತ್ತು ರೋಗಗಳ ಬಾಧೆ ಕಡಿಮೆ. ಎಲೆ ಸುರುಳಿಸುವ ಹುಳು, ಹಿಟ್ಟು ತಿಗಣೆ ಮತ್ತು ಎಲೆಯ ಮೇಲೆ ಗಂಟೆಬ್ಬಿಸುವ ನುಸಿ ಕೆಲವೊಮ್ಮೆ ಕಾಣಿಸಿಕೊಳ್ಳುತ್ತವೆ; ಬಾಧಿತ ರೆಂಬೆಯನ್ನು ಕತ್ತರಿಸಿ ತೆಗೆಯುವುದೇ ಸಾಕಾದ ಪರಿಹಾರ. ಮದ್ದಿನ ಸೊಪ್ಪಾಗಿ ಬಳಸುವ ಗಿಡಕ್ಕೆ ರಾಸಾಯನಿಕ ಕೀಟನಾಶಕ ಸಿಂಪಡಿಸುವುದು ಸಲ್ಲದು. ತುಡುವೆ ಜೇನು, ಬಡಗಿ ದುಂಬಿ ಮತ್ತು ಚಿಟ್ಟೆಗಳು ಹೂವಿಗೆ ಎಡೆಬಿಡದೆ ಬರುವುದರಿಂದ ಪಕ್ಕದ ತರಕಾರಿ ಪಾತಿಗಳ ಪರಾಗಸ್ಪರ್ಶಕ್ಕೂ ಇದು ನೆರವಾಗುತ್ತದೆ.

ನೆಟ್ಟ ಒಂದು ವರ್ಷದ ಮೇಲೆ ಸೊಪ್ಪನ್ನು ಕೊಯ್ಯಬಹುದು. ಹೂ ಬಿಡುವುದಕ್ಕೆ ತುಸು ಮೊದಲು, ಬೆಳಗಿನ ಇಬ್ಬನಿ ಆರಿದ ಮೇಲೆ ಮತ್ತು ಬಿಸಿಲು ಬಲಿಯುವ ಮುಂಚೆ ಕೊಯ್ದ ಎಲೆಯಲ್ಲಿ ಪರಿಮಳ ಚೆನ್ನಾಗಿರುತ್ತದೆ. ಬಿಸಿಲಿನಲ್ಲಿ ಒಣಗಿಸಿದರೆ ತೈಲ ಹಾರಿಹೋಗುವುದರಿಂದ ಗಾಳಿಯಾಡುವ ನೆರಳಿನಲ್ಲಿ ತೆಳ್ಳಗೆ ಹರಡಿ ಒಣಗಿಸಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಬೇಕು.

ಉಪಯೋಗಗಳು

ಮನೆಬಳಕೆಯಲ್ಲಿ ಲಕ್ಕಿ ಸೊಪ್ಪಿನ ಸ್ಥಾನ ಮುಖ್ಯವಾಗಿ ಹೊರ ಉಪಚಾರದಲ್ಲಿದೆ. ನೆಗಡಿ ಮತ್ತು ತಲೆಭಾರಕ್ಕೆ ಸೊಪ್ಪು ಕುದಿಸಿದ ನೀರಿನ ಹಬೆ ತೆಗೆದುಕೊಳ್ಳುವುದು, ಮೈಕೈ ನೋವಿಗೆ ಆ ನೀರಿನಲ್ಲಿ ಸ್ನಾನ ಮಾಡುವುದು, ಬಾಣಂತಿಯ ಸ್ನಾನದ ನೀರಿಗೆ ಸೊಪ್ಪನ್ನು ಹಾಕುವುದು, ಕೀಲುನೋವು ಹಾಗೂ ಬಾವುಗಳಿಗೆ ಬಾಡಿಸಿದ ಎಲೆಯ ಶಾಖ ಕೊಡುವುದು, ತಲೆನೋವಿಗೆ ಒಣಗಿದ ಎಲೆ ತುಂಬಿದ ದಿಂಬನ್ನು ಬಳಸುವುದು ಇವು ಕರ್ನಾಟಕದಲ್ಲಿಯೂ ನೆರೆಯ ರಾಜ್ಯಗಳಲ್ಲಿಯೂ ರೂಢಿಯಲ್ಲಿವೆ. ಆಯುರ್ವೇದವು ಇದನ್ನು ಕಟು ಮತ್ತು ತಿಕ್ತ ರಸದ, ಉಷ್ಣವೀರ್ಯದ, ವಾತ ಹಾಗೂ ಕಫಗಳನ್ನು ಶಮನಗೊಳಿಸುವ ದ್ರವ್ಯವೆಂದು ಪರಿಗಣಿಸುತ್ತದೆ. ಚರಕಸಂಹಿತೆಯಲ್ಲಿ ವಿಷವನ್ನು ನೀಗಿಸುವ ದ್ರವ್ಯಗಳ ಗುಂಪಿನಲ್ಲಿ ಸಿಂಧುವಾರವೂ ಕ್ರಿಮಿನಾಶಕ ಗುಂಪಿನಲ್ಲಿ ನಿರ್ಗುಂಡಿಯೂ ಸೇರಿದ್ದು, ಸುಶ್ರುತಸಂಹಿತೆಯ ಸುರಸಾದಿ ಗಣದಲ್ಲಿಯೂ ನಿರ್ಗುಂಡಿ ಬರುತ್ತದೆ. ನಿರ್ಗುಂಡಿ ತೈಲ ಮತ್ತು ಎಲೆಗಳ ಗಂಟು ಕಟ್ಟಿ ಬಿಸಿ ಎಣ್ಣೆಯಲ್ಲಿ ಅದ್ದಿ ಶಾಖ ಕೊಡುವ ಪತ್ರಪಿಂಡ ಸ್ವೇದ ಇಂದಿಗೂ ಚಿಕಿತ್ಸಾಲಯಗಳಲ್ಲಿ ಬಳಕೆಯಲ್ಲಿವೆ.

ಫಿಲಿಪೀನ್ಸ್‌ನಲ್ಲಿ ಲಗುಂಡಿ ಎಂದು ಕರೆಯಲಾಗುವ ಇದೇ ಗಿಡದ ಎಲೆಯಿಂದ ಮಾಡಿದ ಮಾತ್ರೆ ಮತ್ತು ಸಿರಪ್ಪುಗಳು ಕೆಮ್ಮಿನ ಔಷಧವಾಗಿ ಮಾರಾಟವಾಗುತ್ತವೆ; ಅಲ್ಲಿನ ಆರೋಗ್ಯ ಇಲಾಖೆ ಅನುಮೋದಿಸಿರುವ ಹತ್ತು ಔಷಧೀಯ ಸಸ್ಯಗಳಲ್ಲಿ ಇದೂ ಒಂದು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಎಲೆಯ ಸಾರಕ್ಕೆ ಉರಿಯೂತವನ್ನೂ ನೋವನ್ನೂ ತಗ್ಗಿಸುವ ಗುಣ ಕಂಡುಬಂದಿದೆ. ಆದರೆ ಹೊಟ್ಟೆಗೆ ತೆಗೆದುಕೊಳ್ಳುವ ಕಷಾಯದ ಪ್ರಮಾಣ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗಬೇಕಾದುದರಿಂದ ವೈದ್ಯರ ಸಲಹೆ ಅಗತ್ಯ. ಗರ್ಭಿಣಿಯರು ಇದನ್ನು ಸೇವಿಸಬಾರದು, ಎಳೆಮಕ್ಕಳಿಗೆ ಘಾಟಾದ ಹಬೆ ಕೊಡಬಾರದು.

ಕೃಷಿಯಲ್ಲಿ ಇದರ ಬಳಕೆ ಹಳೆಯದು ಮತ್ತು ಬಹುಮುಖವಾದುದು. ಕಣಜ ಮತ್ತು ಚೀಲಗಳಲ್ಲಿ ಕಾಳು ತುಂಬುವಾಗ ಒಣ ಲಕ್ಕಿ ಎಲೆಯನ್ನು ಪದರಪದರವಾಗಿ ಹಾಕುವ ರೂಢಿಗೆ ಆಧಾರವಿದೆ; ದ್ವಿದಳ ಧಾನ್ಯಗಳನ್ನು ಕೊರೆಯುವ ಕಾಳುಹುಳುವನ್ನು ಲಕ್ಕಿಯ ತೈಲ ವಿಕರ್ಷಿಸುತ್ತದೆ ಮತ್ತು ಅದರ ಮೊಟ್ಟೆಯಿಡುವಿಕೆಯನ್ನು ತಗ್ಗಿಸುತ್ತದೆ ಎಂಬುದು ಪ್ರಯೋಗಗಳಲ್ಲಿ ಕಂಡುಬಂದಿದೆ. ತೈಲ ಆವಿಯಾದಂತೆ ಪರಿಣಾಮವೂ ಕ್ಷೀಣಿಸುವುದರಿಂದ ಎಲೆಯನ್ನು ಕಾಲಕಾಲಕ್ಕೆ ಬದಲಿಸಬೇಕಾಗುತ್ತದೆ. ಸೊಳ್ಳೆ ಓಡಿಸಲು ಕೊಟ್ಟಿಗೆಯಲ್ಲಿ ಹಾಕುವ ಲಕ್ಕಿ ಹೊಗೆಯ ಪರಿಣಾಮವೂ ಹೊಗೆ ಇರುವಷ್ಟು ಹೊತ್ತು ಮಾತ್ರ. ಹತ್ತು ಬಗೆಯ ಎಲೆಗಳನ್ನು ಗೋಮೂತ್ರ ಮತ್ತು ಸಗಣಿಯೊಂದಿಗೆ ಕೊಳೆಸಿ ತಯಾರಿಸುವ ದಶಪರ್ಣಿ ಕಷಾಯದಲ್ಲಿ ಬೇವು, ಹೊಂಗೆ, ಎಕ್ಕ, ಸೀತಾಫಲಗಳ ಜೊತೆಗೆ ಲಕ್ಕಿಯೂ ಸೇರುತ್ತದೆ. ಇಂತಹ ಕಷಾಯಗಳಿಗೆ ದನ ಮೇಯದ ಸೊಪ್ಪನ್ನು ಆರಿಸಬೇಕೆಂಬುದು ರೈತರ ಸಾಮಾನ್ಯ ನಿಯಮ. ಗದ್ದೆಗೆ ಹಸಿರೆಲೆ ಗೊಬ್ಬರವಾಗಿಯೂ ಸೊಪ್ಪನ್ನು ತುಳಿಯುತ್ತಾರೆ. ನೇರವಾಗಿ ಬೆಳೆದ ವರ್ಷದ ಬರಲುಗಳು ಬಾಗಿದರೂ ಮುರಿಯದ ಕಾರಣ ಬುಟ್ಟಿ, ತಡಿಕೆ ಮತ್ತು ಮಣ್ಣು ಮೆತ್ತುವ ಗೋಡೆಗಳ ಹಂದರಕ್ಕೆ ಒದಗುತ್ತವೆ. ಉತ್ತರ ಚೀನಾದಲ್ಲಿ ಇದರ ಉಪಬಗೆಯ ಹೂವು ಜೇನಿನ ಪ್ರಮುಖ ಮೂಲಗಳಲ್ಲೊಂದು.

ಸಾಹಿತ್ಯ ಮತ್ತು ಆಚರಣೆ

ಕಾಳಿದಾಸನ ಕುಮಾರಸಂಭವದ ಮೂರನೆಯ ಸರ್ಗದಲ್ಲಿ ಪಾರ್ವತಿಯು ವಸಂತದ ಹೂಗಳನ್ನೇ ಆಭರಣವಾಗಿ ಧರಿಸಿ ಬರುವ ಸಂದರ್ಭದಲ್ಲಿ ಸಿಂಧುವಾರದ ಹೂ ಮುತ್ತಿನ ಸರದ ಸ್ಥಾನದಲ್ಲಿದೆ. ಪ್ರಾಚೀನ ತಮಿಳು ಕಾವ್ಯಪರಂಪರೆಯಲ್ಲಿ ಮುತ್ತಿಗೆಗೆ ಒಳಗಾದ ಕೋಟೆಯನ್ನು ಕಾಯುವ ವೀರರು ಮುಡಿಯುವ ಹೂ ನೊಚ್ಚಿಯಾಗಿದ್ದು, ಕೋಟೆರಕ್ಷಣೆಯ ವಸ್ತುವುಳ್ಳ ಪದ್ಯವರ್ಗಕ್ಕೆ ಅದರದೇ ಹೆಸರಿದೆ. ಕರ್ನಾಟಕ ಮತ್ತು ಆಂಧ್ರಗಳಲ್ಲಿ ಗಣೇಶ ಚತುರ್ಥಿಯಂದು ಇಪ್ಪತ್ತೊಂದು ಬಗೆಯ ಎಲೆಗಳಿಂದ ನಡೆಸುವ ಏಕವಿಂಶತಿ ಪತ್ರಪೂಜೆಯಲ್ಲಿ ಸಿಂಧುವಾರ ಪತ್ರವೂ ಒಂದು. ಪೇಟೆಯಲ್ಲಿ ಮಾರುವ ಪತ್ರೆಯ ಕಟ್ಟುಗಳಲ್ಲಿ ಇಪ್ಪತ್ತೊಂದೂ ಇರುವುದು ಅಪರೂಪವಾದ ಕಾರಣ, ಹಿತ್ತಿಲಿನಲ್ಲಿ ಲಕ್ಕಿ ಉಳಿಸಿಕೊಂಡ ಮನೆಗಳಿಗೆ ಆ ದಿನ ನೆರೆಹೊರೆಯವರು ಬರುವುದುಂಟು.

ಇಂದಿನ ಸ್ಥಿತಿ

ಪ್ರಭೇದವಾಗಿ ಲಕ್ಕಿಗೆ ಅಳಿವಿನ ಆತಂಕವಿಲ್ಲ. ಆದರೆ ಊರುಗಳ ಸುತ್ತ ಅದರ ನೆಲೆ ಕಿರಿದಾಗಿದೆ. ಹಸಿರು ಬೇಲಿಗಳ ಸ್ಥಾನವನ್ನು ಕಲ್ಲುಕಂಬ, ತಂತಿ ಮತ್ತು ಕಾಂಪೌಂಡ್ ಗೋಡೆಗಳು ಆಕ್ರಮಿಸಿರುವುದೂ ಹಳ್ಳಗಳ ದಂಡೆಗಳು ಒತ್ತುವರಿಯಾಗಿರುವುದೂ ಇದಕ್ಕೆ ಕಾರಣ. ಇನ್ನೊಂದು ದಿಕ್ಕಿನಲ್ಲಿ, ಮನೆಮದ್ದಿನ ಗಿಡಗಳನ್ನು ಹಿತ್ತಿಲಿನಲ್ಲಿ ಬೆಳೆಸುವ ಗೃಹ ಮೂಲಿಕಾ ತೋಟಗಳ ಪ್ರಚಾರದಿಂದ ಇದು ಮತ್ತೆ ಮನೆಯಂಗಳಕ್ಕೆ ಬಂದಿದೆ. ಬೆಂಗಳೂರಿನಲ್ಲಿ 1993ರಲ್ಲಿ ಆರಂಭವಾದ, ಸ್ಥಳೀಯ ಆರೋಗ್ಯ ಪರಂಪರೆಗಳ ಪುನಶ್ಚೇತನಕ್ಕಾಗಿ ದುಡಿಯುವ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಇಂತಹ ತೋಟಗಳನ್ನು ದಕ್ಷಿಣ ಭಾರತದಲ್ಲಿ ಪ್ರೋತ್ಸಾಹಿಸಿದವುಗಳಲ್ಲೊಂದು. 2000ದಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಔಷಧೀಯ ಸಸ್ಯ ಮಂಡಳಿಯೂ ಔಷಧ ಸಸ್ಯಗಳ ಬೇಸಾಯಕ್ಕೆ ಬೆಂಬಲ ನೀಡುತ್ತದೆ.

ಔಷಧ ತಯಾರಕರಿಗೆ ಬೇಕಾದ ಎಲೆ ಇಂದಿಗೂ ಹೆಚ್ಚಾಗಿ ಪಾಳುಭೂಮಿ ಮತ್ತು ಹಳ್ಳಗಳ ಗಿಡಗಳಿಂದಲೇ ಬರುತ್ತದೆ. ಸುಲಭವಾಗಿ ಸಿಗುವ ಸೊಪ್ಪಾದುದರಿಂದ ಇದನ್ನು ಬೆಳೆಯಾಗಿ ಬೆಳೆಯುವವರು ಕಡಿಮೆ. ಎಲೆಗಾಗಿ ರೆಂಬೆ ಕಡಿದರೆ ಗಿಡ ಮತ್ತೆ ಚಿಗುರುತ್ತದೆ. ಬೇರು ಬೇಕಾದ ಔಷಧಗಳಿಗೆ ಮಾತ್ರ ಗಿಡವನ್ನೇ ಕೀಳಬೇಕಾಗುವುದರಿಂದ, ಬೇರು ಸಂಗ್ರಹಿಸುವ ಕಡೆ ಕಿತ್ತ ಗಿಡದ ಬಲಿತ ರೆಂಬೆಗಳನ್ನೇ ಕಡ್ಡಿಗಳಾಗಿ ಕತ್ತರಿಸಿ ಅದೇ ದಂಡೆಯಲ್ಲಿ ಊರುವುದು ಸಾಧ್ಯವಿದೆ.